ಕರಡಿಗೇ ಹೆದರದ ನಾಯಿ ಮನೆಗೆ ಬಂದವರನ್ನು ಬಿಟ್ಟೀತೇ?

ಫಿನ್‌ಲ್ಯಾಂಡಿನ ಬೇಟೆನಾಯಿ ತಳಿಯಾದ ಕರೇಲಿಯನ್ ಬೇರ್ ಡಾಗ್ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ: ಸರಿಯಾಗಿ ಬೆಳೆದದ್ದಾದರೆ ಬಿಡುತ್ತದೆ. ಹುಷಾರಾಗಿರಬೇಕಾದದ್ದು ಎದುರಿಗೆ ಇನ್ನೊಂದು ನಾಯಿ ಬಂದಾಗ.

ಫಿನ್‌ಲ್ಯಾಂಡಿನಲ್ಲಿ ಈ ತಳಿಯ ವ್ಯವಸ್ಥಿತ ಸಾಕಣೆ ಶುರುವಾದದ್ದು 1936ರಲ್ಲಿ. ಬೇರೆ ನಾಯಿಗಳ ಮೇಲೆ ಸಿಟ್ಟು ತೋರಿಸಬಹುದು, ಮನುಷ್ಯರ ಮೇಲೆ ಎಂದಿಗೂ ಕೂಡದು ಎಂದು ತಳಿಯ ಮಾನದಂಡದಲ್ಲೇ (ಈ ತಳಿಯ ನಾಯಿ ಹೇಗಿರಬೇಕೆಂದು ಹೇಳುವ ಅಧಿಕೃತ ವಿವರಣೆಯಲ್ಲೇ) ಬರೆದಿದೆ. ಇದರ ಕಾರಣ ತಿಳಿಯಬೇಕಾದರೆ ಅದರ ಕೆಲಸ ನೋಡಬೇಕು.

ಹೆಸರಿನಲ್ಲಿ ಕರಡಿ ಇದ್ದರೂ ಅಲ್ಲಿ ಇದನ್ನು ಹೆಚ್ಚಾಗಿ ಬಳಸುವುದು ಮೂಸ್ ಬೇಟೆಗೆ. ಮೂಸ್ ಎಂದರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ. ಗಂಡು 400 ಕಿಲೋ ದಾಟುತ್ತದೆ. ಗಂಡು ನಾಯಿಯ ತೂಕ 25ರಿಂದ 28 ಕಿಲೋ. ಕಚ್ಚಿ ಕೆಡವುವ ಮಾತೇ ಇಲ್ಲ. ಕಾಡಿನಲ್ಲಿ ಬಿಚ್ಚಿ ಬಿಟ್ಟ ನಾಯಿ ಒಂಟಿಯಾಗಿ ವಾಸನೆ ಹಿಡಿದು ಹೋಗಿ, ಮೂಸ್ ಸಿಕ್ಕಿದ ಮೇಲೆ ಒದೆ ತಾಗದಷ್ಟು ದೂರದಲ್ಲಿ ನಿಂತು ಒಂದೇ ಸಮನೆ ಬೊಗಳುತ್ತದೆ. ಮೂಸ್ ಓಡದೆ ನಾಯಿಯನ್ನೇ ದಿಟ್ಟಿಸುತ್ತಾ ನಿಲ್ಲುತ್ತದೆ. ಬೇಟೆಗಾರ ತನ್ನ ವಾಸನೆ ಅದಕ್ಕೆ ಬಡಿಯದಂತೆ ಗಾಳಿಗೆದುರಾಗಿ ಹತ್ತಿರ ಬರುತ್ತಾನೆ. ತೀರಾ ಮೇಲೆ ಬೀಳುವ ನಾಯಿ ಮೂಸನ್ನು ಓಡಿಸಿಬಿಡುತ್ತದೆ, ಇಲ್ಲವೇ ಒದೆ ತಿಂದು ಸಾಯುತ್ತದೆ. ಅಂದರೆ ಬರೀ ರೋಷದ ನಾಯಿ ಇಲ್ಲಿ ಕೆಲಸಕ್ಕೆ ಬಾರದು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ವನ್ಯಜೀವಿ ಇಲಾಖೆಯೂ, ಜಪಾನಿನ ಕರುಯಿಜಾವಾ ಪಟ್ಟಣದಲ್ಲಿ ಪಿಕ್ಕಿಯೋ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಯೂ ಊರಿಗೆ ನುಗ್ಗುವ ಕರಡಿಗಳನ್ನು ಬೆದರಿಸಲು ಇವನ್ನೇ ಸಾಕಿವೆ. ಸಿಬ್ಬಂದಿಯ ನಡುವೆ ಓಡಾಡುವ ಈ ನಾಯಿಗಳು ಜನರಿಗೆ ಬಾಯಿ ಹಾಕುವಂತಿದ್ದರೆ ಈ ಕೆಲಸ ನಡೆಯುತ್ತಲೇ ಇರಲಿಲ್ಲ.

ಇದರ ಇನ್ನೊಂದು ಮುಖ: ಕಾವಲು ನಾಯಿ ಬೇಕು ಎನ್ನುವವರಿಗೆ ಇದು ತಕ್ಕದ್ದಲ್ಲ. ಅಪರಿಚಿತರನ್ನು ಕಂಡರೆ ಜೋರಾಗಿ ಬೊಗಳೀತು, ಸ್ವಲ್ಪ ದೂರವೂ ಉಳಿದೀತು, ಅಷ್ಟೇ. ಕಾವಲಿಗೆಂದು ಮರಿಯನ್ನು ಕಟ್ಟಿಹಾಕಿ ಜನರಿಂದ ದೂರವಿಟ್ಟರೆ ಅದು ಅಂಜುಬುರುಕ ಆಗುತ್ತದೆ, ಅಂಜಿದ ನಾಯಿ ಕಚ್ಚುತ್ತದೆ. ಯಾವ ತಳಿಯಾದರೂ ಅಷ್ಟೇ. ಸುಮಾರು 3ರಿಂದ 14 ವಾರದ ಒಳಗೆ ಮಕ್ಕಳು, ಮುದುಕರು, ವಾಹನಗಳ ಸದ್ದು ಎಲ್ಲವೂ ಅದಕ್ಕೆ ರೂಢಿಯಾಗಬೇಕು.

ಬೇರೆ ನಾಯಿಯನ್ನು ಪರಿಚಯಿಸುವಾಗ ನಿಮ್ಮ ಅಂಗಳ ಬೇಡ, ಎರಡಕ್ಕೂ ಹೊಸದಾದ ಜಾಗ ಇರಲಿ. ಒಬ್ಬೊಬ್ಬರು ಒಂದೊಂದು ನಾಯಿ ಹಿಡಿದು, 15 ಮೀಟರ್ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ಬಾಲ ಬಿಗಿಯಾಗಿ, ದೃಷ್ಟಿ ನೆಟ್ಟು ನಿಂತರೆ ತಕ್ಷಣ ಅಂತರ ಹೆಚ್ಚಿಸಿ. ಮೈ ಸಡಿಲವಾದ ಮೇಲಷ್ಟೇ ಹತ್ತಿರ ತನ್ನಿ. ಹಗ್ಗ ಜಗ್ಗಿ ಹಿಡಿದರೆ ಜಗಳಕ್ಕೆ ನೀವೇ ಕರೆ ಕೊಟ್ಟಂತೆ. ಒಂದೇ ಲಿಂಗದ ಎರಡು ನಾಯಿಗಳಿಗೆ ಊಟದ ತಟ್ಟೆ ಬೇರೆ ಬೇರೆ ಕೋಣೆಯಲ್ಲಿ.

ಇನ್ನು 'ಮಾತು ಕೇಳದ ಮೊಂಡು' ಎಂಬ ದೂರು. ಬೇಟೆಗಾರನ ಕಣ್ಣಿಗೆ ಕಾಣದಷ್ಟು ದೂರ ಹೋಗಿ ತಾನೇ ತೀರ್ಮಾನ ಮಾಡಲೆಂದು ಆರಿಸಿ ಬೆಳೆಸಿದ ನಾಯಿ ಅದು. ವಾಸನೆ ಹತ್ತಿದ ಮೇಲೆ ಕರೆದರೆ ಬರುವ ಭರವಸೆ ಕಡಿಮೆ. ಹಾಗಾಗಿ ಬೇಲಿಯಿಲ್ಲದ ಕಡೆ 10 ಮೀಟರ್ ಹಗ್ಗ ಬಿಚ್ಚಬೇಡಿ. ಕಾಡಿನಲ್ಲಿ ಬೇಟೆಗೆ ಬಿಡುವವರು ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿಯೇ ಬಿಡುತ್ತಾರೆ.