‘ನಾನು’ ಅನ್ನಬಾರದು

ಇತಿಹಾಸದ ಮೇಷ್ಟ್ರು ಹೋದ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಿದ್ದು ರಾತ್ರಿ. ಎಲ್ಲರೂ ಕೈ ಮುಗಿದ ಚಿತ್ರ ಹಾಕುತ್ತಿದ್ದರು. ನಡುವೆ ನನ್ನ ಗೆಳೆಯ ಒಂದು ಸಾಲು ಬರೆದ: "ತುವಾಲು ದೇಶ ಸಂತಾಪ ಸೂಚಿಸುತ್ತದೆ." ಅದೇನು ತಮಾಷೆ ಅಂತ ಒಬ್ಬಳು ಬೈದಳು. ತಮಾಷೆ ಅಲ್ಲ ಅಂತ ಗೊತ್ತಿದ್ದದ್ದು ನನಗೊಬ್ಬನಿಗೇ.

ಶಾಲೆಯ ಮ್ಯಾಗಜೀನಿಗೆ ನೆನಪು ಬರೆದುಕೊಡಿ ಅಂದಾಗ ತರಗತಿಯ ಬಗ್ಗೆಯೇ ಬರೆಯೋಣ ಅಂತ ಕೂತೆ. ಏನೂ ನೆನಪಾಗಲಿಲ್ಲ. ಮೂರು ವರ್ಷ ಅವರ ಪಾಠ ಕೇಳಿದ್ದೇನೆ, ಒಂದು ಯುದ್ಧದ ಇಸವಿಯೂ ತಲೆಯಲ್ಲಿ ಉಳಿದಿಲ್ಲ. ನೆನಪಿರುವುದು ಒಂದು ವಿಶ್ವವಿದ್ಯಾಲಯದ ಸಭಾಂಗಣ, ಅಲ್ಲಿ ಎರಡು ದಿನ ನಡೆದ ಮಾದರಿ ವಿಶ್ವಸಂಸ್ಥೆ ಸಮ್ಮೇಳನ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ವಿದ್ಯಾರ್ಥಿಗಳು ರಾಯಭಾರಿಗಳ ವೇಷ ಹಾಕುವ ಆಟ. ಒಂದೊಂದು ತಂಡಕ್ಕೆ ಒಂದೊಂದು ದೇಶ. ಆ ದೇಶದ ನಿಲುವನ್ನೇ ವಾದಿಸಬೇಕು, ನಮ್ಮ ಸ್ವಂತ ಅಭಿಪ್ರಾಯ ಯಾರಿಗೂ ಬೇಡ. ವಿಶ್ವಸಂಸ್ಥೆ ಹುಟ್ಟುವ ಮೊದಲೇ, 1920ರ ದಶಕದಲ್ಲೇ, ಆಗಿದ್ದ ರಾಷ್ಟ್ರಸಂಘದ ಹೆಸರಿನಲ್ಲಿ ಕಾಲೇಜು ಹುಡುಗರು ಇದನ್ನು ಆಡುತ್ತಿದ್ದರಂತೆ.

ನನಗೂ ಆ ಗೆಳೆಯನಿಗೂ ಸಿಕ್ಕಿದ್ದು ತುವಾಲು. ಪೆಸಿಫಿಕ್ ಸಾಗರದಲ್ಲಿ ಚೆಲ್ಲಿದ ಒಂಬತ್ತು ಪುಟ್ಟ ದ್ವೀಪಗಳು. ಎಲ್ಲ ಸೇರಿ 26 ಚದರ ಕಿಲೋಮೀಟರ್. ಅಟ್ಲಾಸಿನಲ್ಲಿ ದೇಶಕ್ಕಿಂತ ಅದರ ಹೆಸರಿನ ಮೊದಲ ಅಕ್ಷರವೇ ದೊಡ್ಡದಿತ್ತು. ನಮ್ಮ ಮುಖ ಸಣ್ಣಗಾಯಿತು.

"ಸರ್, ವೀಟೋ ಇರೋ ದೇಶ ಸಿಗಲಿಲ್ವಾ?"

"ನೀವು ಹೋಗ್ತಿರೋದು ಸಾಮಾನ್ಯ ಸಭೆಗೆ ಕಣ್ರೋ. ಒಬ್ಬರೇ ನಿರ್ಣಯ ತಡೆಯೋ ವೀಟೋ ಅಲ್ಲಿ ಯಾರಿಗೂ ಇಲ್ಲ. ಅದಿರೋದು ಭದ್ರತಾ ಮಂಡಳಿಯ ಐದು ದೇಶಕ್ಕೆ. ಇಲ್ಲಿ ಅಮೆರಿಕಕ್ಕೂ ಒಂದೇ ಓಟು, ನಿಮಗೂ ಒಂದೇ ಓಟು."

ಅಷ್ಟು ಹೇಳಿ ಲೈಬ್ರರಿಗೆ ಅಟ್ಟಿದರು. ತುವಾಲು ಅಂದರೆ ‘ಎಂಟು ಜೊತೆಯಾಗಿ ನಿಂತಿದ್ದು’ ಅಂತ ಅರ್ಥ. ಒಂಬತ್ತರಲ್ಲಿ ಹಿಂದೆ ಜನ ನೆಲೆಸಿದ್ದು ಎಂಟರಲ್ಲಿ. 2000ದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ 189ನೇ ಸದಸ್ಯನಾದ ದೇಶ. ಇಂಟರ್ನೆಟ್ಟಿನಲ್ಲಿ ಆ ದೇಶಕ್ಕೆ ಸಿಕ್ಕ ‘ಡಾಟ್ ಟಿವಿ’ ವಿಳಾಸವನ್ನು ಬಾಡಿಗೆಗೆ ಕೊಟ್ಟು ಬಂದ ದುಡ್ಡೂ ಆ ಸದಸ್ಯತ್ವದ ಖರ್ಚಿಗೆ ಒದಗಿತ್ತು. ಅಲ್ಲಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ದಾಟುವುದಿಲ್ಲ. ಇದನ್ನು ಓದಿದ ದಿನ ನಮ್ಮಿಬ್ಬರ ಜಂಭ ಇಳಿಯಿತು.

ಆಮೇಲೆ ಶುರುವಾಯಿತು ತಾಲೀಮು. ಈ ಸಮ್ಮೇಳನಗಳಲ್ಲಿ ಸಾಮಾನ್ಯವಾಗಿ ‘ನಾನು’ ಅನ್ನುವ ಹಾಗಿಲ್ಲ. ‘ತುವಾಲು ಪ್ರತಿನಿಧಿಯ ಅಭಿಪ್ರಾಯ ಹೀಗಿದೆ’ ಅನ್ನಬೇಕು. ಅಲ್ಲಿ ಮಾತು ಇಂಗ್ಲಿಷಿನಲ್ಲಿ, ಸರ್ ಅಭ್ಯಾಸ ಮಾಡಿಸಿದ್ದು ಮಾತ್ರ ಕನ್ನಡದಲ್ಲಿ. ಅದೇ ದೊಡ್ಡ ಕಷ್ಟ. ಕನ್ನಡದಲ್ಲಿ ‘ನಾನು’ ಬಿಟ್ಟರೂ ಅದು ಹೋಗುವುದಿಲ್ಲ, ‘ಒಪ್ಪುತ್ತೇನೆ’ಯ ಬಾಲದಲ್ಲಿ ಕೂತಿರುತ್ತದೆ. ಪ್ರತಿ ‘ಏನೆ’ಗೂ ಸರ್ ಮೇಜಿನ ಮೇಲೆ ಸೀಮೆಸುಣ್ಣ ಕುಟ್ಟುತ್ತಿದ್ದರು. "ಯಾರೋ ಅದು ಮಾತಾಡಿದ್ದು? ತುವಾಲುನಾ, ನೀನಾ?" ವಾರವಿಡೀ ನಾವು ನೀರು ಕೇಳಿದ್ದೂ ಹಾಗೇ: "ತುವಾಲುಗೆ ಬಾಯಾರಿದೆ."

ಮೊದಲ ದಿನವೇ ಎಡವಟ್ಟಾಯಿತು. ಹಾಜರಿ ಕರೆದಾಗ ಬರೀ ‘ಪ್ರೆಸೆಂಟ್’ ಅಂದಿದ್ದರೆ ಮತದಾನದಲ್ಲಿ ತಟಸ್ಥವಾಗಿ ಉಳಿಯಬಹುದಿತ್ತು. ಗೆಳೆಯ ‘ಪ್ರೆಸೆಂಟ್ ಅಂಡ್ ವೋಟಿಂಗ್’ ಎಂದುಬಿಟ್ಟ. ಕೇಳಲು ಗತ್ತಾಗಿತ್ತಂತೆ. ಹಾಗಂದ ಮೇಲೆ ಹೌದು ಅಥವಾ ಇಲ್ಲ, ಎರಡೇ ದಾರಿ. ಮಾತಾಡುವ ಹಾಗಿಲ್ಲದ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಹಣೆ ಹಿಡಿದುಕೊಂಡರು. ನನ್ನ ಭಾಷಣ ಮಾತ್ರ ಚೆನ್ನಾಗಿಯೇ ಆಯಿತು. ಹೇಳಿಕೊಳ್ಳಬಾರದು, ಆದರೂ ಅಧ್ಯಕ್ಷರ ಕುರ್ಚಿಯಲ್ಲಿದ್ದ ವಿಶ್ವವಿದ್ಯಾಲಯದ ಅಕ್ಕ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ಕೇಳಿದರು.

ಸಂಜೆಯ ಹೊತ್ತಿಗೆ ಸಭೆ ಎರಡು ಬಣವಾಯಿತು. ಎರಡೂ ಕರಡು ನಿರ್ಣಯಗಳಲ್ಲಿ ಸಮುದ್ರ ಏರುವ ಬಗ್ಗೆ ಹೆಚ್ಚುಕಡಿಮೆ ಒಂದೇ ಮಾತು. ಆದರೆ ನಾಯಕರಿಬ್ಬರಿಗೂ ಹಟ. ಹೀಗೇ ಮತಕ್ಕೆ ಹಾಕಿದರೆ ಎರಡೂ ಬಿದ್ದುಹೋಗುತ್ತಿದ್ದವು.

ಆಗ ನಮ್ಮ ತಲೆಗೆ ಬಂತು ಕಿತಾಪತಿ. ಕಲಾಪದ ನಡುವೆ ದೇಶಗಳು ಒಂದಕ್ಕೊಂದು ಚೀಟಿ ಕಳಿಸಬಹುದು. ಎರಡು ಚೀಟಿ ಬರೆದೆವು. "ನಿಮ್ಮ ಕರಡೇ ಉತ್ತಮ, ನಮ್ಮವರ ಮುಂದೆ ಒಪ್ಪಿಕೊಳ್ಳುವುದು ಕಷ್ಟ. ಬಿಡುವಿನಲ್ಲಿ ಕಿಟಕಿ ಹತ್ತಿರ ಬನ್ನಿ." ಅವನ ಹೆಸರಿನಲ್ಲಿ ಇವನಿಗೆ, ಇವನ ಹೆಸರಿನಲ್ಲಿ ಅವನಿಗೆ. ಇಬ್ಬರೂ ಗೆದ್ದವರ ಹಾಗೆ ಕಿಟಕಿ ಹತ್ತಿರ ಬಂದರು, ಇಬ್ಬರೂ ದೊಡ್ಡ ಮನಸ್ಸು ಮಾಡಿದರು. ಮರುದಿನ ಬೆಳಿಗ್ಗೆ ಒಂದೇ ಕರಡು ಬಂತು, ಪಾಸೂ ಆಯಿತು. ಆ ನಿರ್ಣಯದ ತಂದೆ ಯಾರು ಅಂತ ಅವರಿಬ್ಬರೂ ಎಷ್ಟೋ ಕಡೆ ಹೇಳಿಕೊಂಡಿರಬಹುದು. ಇರಲಿ.

ಸಿಕ್ಕಿಬಿದ್ದದ್ದು ಅಕ್ಷರದಿಂದ. ನೆಲದ ಮೇಲೆ ಬಿದ್ದಿದ್ದ ಒಂದು ಚೀಟಿಯನ್ನು ಸರ್ ಎತ್ತಿ ನೋಡಿದರು. ನನ್ನ ಉತ್ತರ ಪತ್ರಿಕೆಗಳನ್ನು ಮೂರು ವರ್ಷ ತಿದ್ದಿದವರಿಗೆ ಸಹಿ ಬೇಕಾ? ಬೈಯಲಿಲ್ಲ. "ಅಧ್ಯಕ್ಷರಿಗೆ ಕ್ಷಮಾಪಣೆ ಬರೀರಿ. ನಿರ್ಣಯದ ರೂಪದಲ್ಲೇ" ಅಂದರು. ನಿರ್ಣಯ ಎಷ್ಟೇ ಪುಟವಿರಲಿ, ವ್ಯಾಕರಣದ ಲೆಕ್ಕದಲ್ಲಿ ಒಂದೇ ವಾಕ್ಯ. ಪೀಠಿಕೆಯ ಸಾಲುಗಳಿಗೆ ಅಲ್ಪವಿರಾಮ, ಕಾರ್ಯದ ಸಾಲುಗಳಿಗೆ ಅರ್ಧವಿರಾಮ, ಕೊನೆಗೊಂದು ಪೂರ್ಣವಿರಾಮ. "ಇಬ್ಬರು ಪ್ರತಿನಿಧಿಗಳ ಖೋಟಾ ಚೀಟಿಯನ್ನು ತೀವ್ರ ಕಳವಳದಿಂದ ಗಮನಿಸಿ," ಅಂತ ಶುರುಮಾಡಿ ಒಂದೂವರೆ ಪುಟ ಬರೆದೆವು. ಅಧ್ಯಕ್ಷರು ಓದಿ ನಕ್ಕುಬಿಟ್ಟರು. ಸರ್ ನಗಲಿಲ್ಲ, ಒಂದು ಅರ್ಧವಿರಾಮ ತಪ್ಪಿತ್ತು. ಪ್ರಶಸ್ತಿಯ ಪಟ್ಟಿಯಲ್ಲಿ ತುವಾಲು ಇರಲಿಲ್ಲ.

ಈಗ ಮಗಳೂ ಇಂಥ ಸಮ್ಮೇಳನಗಳಿಗೆ ಹೋಗುತ್ತಾಳೆ. ತರಬೇತಿಗೆ ಬೇರೆ ಕ್ಲಾಸಿದೆ. ನಿಲುವಿನ ಪತ್ರವನ್ನು ಕಂಪ್ಯೂಟರೇ ಬರೆದುಕೊಡುತ್ತದಂತೆ. ಮುಂದಿನ ಪ್ರವೇಶ ಅರ್ಜಿಗೆ ಸರ್ಟಿಫಿಕೇಟ್ ಬಂದರೆ ಮುಗೀತು. ಅವಳಿಗೂ ಒಮ್ಮೆ ಯಾವುದೋ ದ್ವೀಪದೇಶ ಸಿಕ್ಕಿತ್ತು. ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿದೆ. "ಅದು ಅಜೆಂಡಾದಲ್ಲಿ ಇಲ್ಲ ಅಪ್ಪಾ" ಅಂದಳು. ಅವಳಿಗೆ ಬಹುಮಾನ ಬಂತು ಅನ್ನೋದನ್ನೂ ಹೇಳಬೇಕು, ಅಲ್ವಾ? ನಮಗೆ ಬಂದಿರಲಿಲ್ಲ.

ಆ ರಾತ್ರಿ ಗುಂಪಿನಲ್ಲಿ ಗೆಳೆಯನ ಸಾಲಿನ ಕೆಳಗೆ ‘ನಾನೂ’ ಅಂತ ಟೈಪ್ ಮಾಡಿದೆ. ಅಳಿಸಿದೆ. ಸಭೆಯಲ್ಲಿ ಯಾರೇ ಪ್ರಸ್ತಾವ ತಂದರೂ ಇನ್ನೊಂದು ದೇಶ ಅದನ್ನು ಅನುಮೋದಿಸಿ ‘ಸೆಕೆಂಡ್’ ಅನ್ನಬೇಕಿತ್ತು. ಅದನ್ನೇ ಹಾಕಿದೆ.

ತಕ್ಷಣ ಅವನ ಉತ್ತರ ಬಂತು. "ಒಂದೇ ದೇಶದವರು ಸೆಕೆಂಡ್ ಹಾಕೋ ಹಾಗಿಲ್ಲ ಕಣೋ. ಸರ್ ಇದ್ದಿದ್ರೆ ಸೀಮೆಸುಣ್ಣ ಕುಟ್ಟಿರೋರು."