ಅಂದೇ ಆಪರೇಷನ್ ಆಗಿದ್ದರೆ ಕಾಲಿಗೆ ಶಕ್ತಿ ಬರುತ್ತಿತ್ತೇ?

ಅಡಿಕೆ ಕೊನೆಕೊಯ್ಲಿನ ತಿಂಗಳುಗಳಲ್ಲಿಯೂ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನಗಳಲ್ಲಿಯೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಮರದಿಂದ ಬಿದ್ದವರು ಬರುತ್ತಾರೆ. ಕುಮಟಾ, ಹೊನ್ನಾವರದಿಂದ ಬರುವವರು ಹೆಚ್ಚಾಗಿ ತೆಂಗಿನ ಮರದಿಂದ ಬಿದ್ದವರು. ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಮಾಡುವ ನನ್ನನ್ನು ಅವರ ಮನೆಯವರು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೂ, ಕೇಳುವುದು ಇದನ್ನೇ: "ಡಾಕ್ಟ್ರೇ, ಅವತ್ತೇ ಆಪರೇಷನ್ ಆಗಿದ್ರೆ ಇವ್ರ ಕಾಲು ಬರ್ತಿತ್ತಾ?" ವಾರ್ಡಿನಲ್ಲಿ ನಿಂತು ಇದಕ್ಕೆ ಎರಡು ಮಾತಿನಲ್ಲಿ ಉತ್ತರಿಸಲಾಗುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೆಲವರಿಗೆ ಈಗಿರುವುದಕ್ಕಿಂತ ಹೆಚ್ಚು ಶಕ್ತಿ ಬರುತ್ತಿತ್ತು, ಹಲವರಿಗೆ ಇಲ್ಲ. ಯಾರಿಗೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಿದ್ದ ಕ್ಷಣದಲ್ಲಿ ಹುರಿಗೆ ಎಷ್ಟು ಪೆಟ್ಟಾಯಿತು ಎಂಬ ಸಂಗತಿ; ಆಪರೇಷನ್ನಿನ ಸಮಯದ ಪಾತ್ರ ಅದರ ನಂತರದ್ದು.

ಮರದಿಂದ ಬಿದ್ದವರು ಕಾಲೂರಿಯೋ ಕುಂಡೆಯ ಮೇಲೋ ಬಿದ್ದಾಗ ಭಾರವೆಲ್ಲ ಬೆನ್ನೆಲುಬಿನ ಉದ್ದಕ್ಕೂ ಮೇಲೇರುತ್ತದೆ. ಪಕ್ಕೆಲುಬುಗಳ ಆಸರೆಯಿಂದ ಬಿಗಿಯಾಗಿರುವ ಎದೆಭಾಗದ ಬೆನ್ನೆಲುಬು, ಸಲೀಸಾಗಿ ಬಾಗುವ ಸೊಂಟದ ಭಾಗವನ್ನು ಕೂಡುವ ಜಾಗ ಹನ್ನೆರಡನೆಯ ಎದೆಮಣಿ ಮತ್ತು ಮೊದಲನೆಯ ಸೊಂಟದ ಮಣಿಯ ಆಸುಪಾಸಿನಲ್ಲಿದ್ದು, ಮೂಳೆ ಒಡೆಯುವುದು ಹೆಚ್ಚಾಗಿ ಅಲ್ಲಿಯೇ. ಇಂಥವರ ಹಿಮ್ಮಡಿಯನ್ನೂ ಎಕ್ಸ್‌ರೇ ಮಾಡಿಸುವುದು ನಮ್ಮ ರೂಢಿ. ಬೆನ್ನಿನ ನೋವಿನ ಮುಂದೆ ಒಡೆದ ಹಿಮ್ಮಡಿಯ ನೋವು ಗಮನಕ್ಕೆ ಬಾರದೆ ಉಳಿಯುವುದುಂಟು. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಒಂದನೆಯ ಮತ್ತು ಎರಡನೆಯ ಮಣಿಗಳ ಮಟ್ಟದಲ್ಲಿ ಮುಗಿಯುತ್ತದೆ, ಅಲ್ಲಿಂದ ಕೆಳಗೆ ಇರುವುದು ನರಗಳ ಗೊಂಚಲು ಮಾತ್ರ. ಹುರಿಗಿಂತ ಈ ನರಗಳು ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಆದುದರಿಂದ ಎರಡು ಎಕ್ಸ್‌ರೇಗಳಲ್ಲಿ ಮೂಳೆ ಒಂದೇ ಬಗೆಯಲ್ಲಿ ಒಡೆದಂತೆ ಕಂಡರೂ, ಒಂದೆರಡು ಮಣಿ ಕೆಳಗೆ ಪೆಟ್ಟಾದವನು ನಡೆದಾಡುವಂತಾಗಿ ಮೇಲೆ ಪೆಟ್ಟಾದವನು ಗಾಲಿಕುರ್ಚಿಯಲ್ಲಿ ಉಳಿಯಬಹುದು. ಊರಿನಲ್ಲಿ ಇಬ್ಬರನ್ನು ಹೋಲಿಸಿ ವೈದ್ಯರನ್ನು ಅಳೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹುರಿ ಕಡಿದು ಎರಡು ತುಂಡಾಗುವುದು ಅಪರೂಪ. ಸಾಮಾನ್ಯವಾಗಿ ಅದು ಜಜ್ಜಿಹೋಗಿರುತ್ತದೆ ಅಥವಾ ಒಡೆದ ಮೂಳೆಯ ಚೂರಿನ ಒತ್ತಡಕ್ಕೆ ಸಿಕ್ಕಿರುತ್ತದೆ. 1911ರಲ್ಲಿ ಅಮೆರಿಕದ ಆಲ್ಫ್ರೆಡ್ ಅಲೆನ್ ನಾಯಿಗಳ ಬೆನ್ನುಹುರಿಯ ಮೇಲೆ ನಿಗದಿತ ತೂಕವನ್ನು ನಿಗದಿತ ಎತ್ತರದಿಂದ ಬೀಳಿಸಿ ಪರೀಕ್ಷಿಸಿದಾಗ, ಗಾಯದೊಳಗೆ ಕಟ್ಟಿದ ರಕ್ತವನ್ನೂ ಸತ್ತ ಅಂಗಾಂಶವನ್ನೂ ತೆಗೆದ ನಾಯಿಗಳು ಹೆಚ್ಚು ಚೇತರಿಸಿಕೊಂಡವು. ಮೊದಲ ಪೆಟ್ಟಿನ ಬಳಿಕವೂ ಹಾನಿ ಮುಂದುವರಿಯುತ್ತದೆ ಎಂಬ ತಿಳಿವಳಿಕೆಗೆ ಇಂಥ ಪ್ರಯೋಗಗಳೇ ಬುನಾದಿ. ಗಂಟೆಗಳು, ದಿನಗಳು ಕಳೆದಂತೆ ಬಾವು ಏರಿ, ರಕ್ತಸಂಚಾರ ಕುಗ್ಗಿ, ಸಾಯುತ್ತಿರುವ ಜೀವಕೋಶಗಳಿಂದ ಹೊರಬಂದ ರಾಸಾಯನಿಕಗಳು ನೆರೆಯ ಕೋಶಗಳನ್ನೂ ಕೊಲ್ಲುತ್ತವೆ. ಆಪರೇಷನ್ನಿನಲ್ಲಿ ನಾವು ಹುರಿಯ ಮೇಲಿನ ಒತ್ತಡವನ್ನು ತೆಗೆದು, ಸ್ಕ್ರೂ ಮತ್ತು ಸರಳುಗಳಿಂದ ಮೂಳೆಯನ್ನು ಅಲುಗದಂತೆ ನಿಲ್ಲಿಸುತ್ತೇವೆ. ಸತ್ತ ನರಕೋಶವನ್ನು ಬದುಕಿಸುವುದು ಯಾರಿಗೂ ಸಾಧ್ಯವಾಗಿಲ್ಲ. ಬೇಗ ಮಾಡಿದರೆ ಲಾಭವಿದೆ ಎನ್ನುವುದು ಈ ಎರಡನೆಯ ಹಾನಿಯನ್ನು ತಡೆಯುವ ಮಟ್ಟಿಗೆ ಮಾತ್ರ.

ಆ ಲಾಭ ಎಷ್ಟು? ಮೈಕೆಲ್ ಫೆಲಿಂಗ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುತ್ತಿಗೆಯ ಹುರಿಗೆ ಪೆಟ್ಟಾದ 313 ಜನರಿದ್ದರು. ಆರು ತಿಂಗಳ ನಂತರ ಮರುಪರೀಕ್ಷೆಗೆ ಸಿಕ್ಕ 222 ಜನರ ಪೈಕಿ, 24 ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಶೇ. 19.8ರಷ್ಟು ಮಂದಿ ನರಶಕ್ತಿಯ ಶ್ರೇಣಿಯಲ್ಲಿ ಎರಡು ಮೆಟ್ಟಿಲಾದರೂ ಏರಿದ್ದರೆ, ತಡವಾದವರಲ್ಲಿ ಏರಿದವರು ಶೇ. 8.8. ಇದು ಸಣ್ಣ ವ್ಯತ್ಯಾಸವಲ್ಲ, ಆದರೆ ಬೇಗ ಆಪರೇಷನ್ ಆದವರಲ್ಲಿಯೂ ಐವರಲ್ಲಿ ನಾಲ್ವರಿಗೆ ಅಷ್ಟು ಸುಧಾರಣೆ ಆಗಲಿಲ್ಲ ಎಂಬುದನ್ನೂ ಅದೇ ಅಂಕಿಯಲ್ಲಿ ಓದಿಕೊಳ್ಳಬೇಕು. ಅಲ್ಲದೆ ಇಲ್ಲಿ ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿರಲಿಲ್ಲ, ಮತ್ತು ನಮ್ಮ ಮರದಿಂದ ಬಿದ್ದವರಿಗೆ ಪೆಟ್ಟಾಗುವುದು ಬಹುಪಾಲು ಕುತ್ತಿಗೆಗಿಂತ ಕೆಳಗೆ. 1548 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲಿ 24 ಗಂಟೆಯೊಳಗಿನವರು, ನೂರು ಅಂಕಗಳ ಸ್ನಾಯುಶಕ್ತಿ ಮಾಪನದಲ್ಲಿ ಸುಮಾರು ನಾಲ್ಕು ಅಂಕ ಹೆಚ್ಚು ಗಳಿಸಿದರು. ಮೊದಲ 24ರಿಂದ 36 ಗಂಟೆಗಳು ಕಳೆದ ಮೇಲೆ ಸಮಯದ ಪ್ರಭಾವ ಮಂದವಾಯಿತು. ಆದ್ದರಿಂದ ಹತ್ತನೆಯ ದಿನಕ್ಕೆ ಬದಲು ಎಂಟನೆಯ ದಿನ ಆಗಬೇಕಿತ್ತೆಂದು ಕೊರಗುವುದಕ್ಕೆ ಆಧಾರವಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ 24 ಗಂಟೆ ಸವೆಯುವ ಬಗೆಯೇ ಬೇರೆ. ಶಿರಸಿಯವರು ಹುಬ್ಬಳ್ಳಿಗೋ, ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೋ, ಕಾರವಾರದವರು ಗೋವಾದ ಬಾಂಬೋಲಿಗೋ ಹೋಗಬೇಕು. ಅದಕ್ಕೂ ಮೊದಲು ಹತ್ತಿರದ ಆಸ್ಪತ್ರೆ, ಎಕ್ಸ್‌ರೇ, ಚೀಟಿ, ದುಡ್ಡಿನ ವ್ಯವಸ್ಥೆ. ಆದರೂ ದೂರಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಗಾಯಾಳುವನ್ನು ತೋಟದಿಂದ ರಸ್ತೆಗೆ ತರುವ ರೀತಿ. ಕೈಕಾಲು ಹಿಡಿದು ಎತ್ತಿ, ಸೊಂಟ ಮಡಚಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರೆ ಒಡೆದ ಮಣಿ ಹುರಿಯನ್ನು ಇನ್ನಷ್ಟು ಒತ್ತಬಲ್ಲದು. ತಲೆ, ಹೆಗಲು, ಸೊಂಟ, ಕಾಲುಗಳನ್ನು ಒಬ್ಬೊಬ್ಬರು ಹಿಡಿದು, ಒಬ್ಬನ ಮಾತಿಗೆ ಎಲ್ಲರೂ ಒಟ್ಟಿಗೆ ಹೊರಳಿಸಿ, ಗಟ್ಟಿ ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಬೇಕು. ಕೊಟ್ಟಿಗೆಯ ಅಗಲವಾದ ಬಾಗಿಲೂ ನಡೆಯುತ್ತದೆ.

ಪರೀಕ್ಷೆ ಮಾಡುವಾಗ ನಾವು ಗುದದ್ವಾರದ ಸುತ್ತಲಿನ ಸ್ಪರ್ಶವನ್ನು ನೋಡುವುದು ಮನೆಯವರಿಗೆ ಮುಜುಗರ ತರುತ್ತದೆ. ಅಲ್ಲಿ ತುಸುವಾದರೂ ಅರಿವು ಉಳಿದಿದ್ದರೆ ಹುರಿಯ ಹಾನಿ ಪೂರ್ಣವಲ್ಲ ಎಂದರ್ಥ, ಮತ್ತು ಮುಂದಿನ ಸುಧಾರಣೆಯ ಬಗ್ಗೆ ಅದು ಕೊಡುವ ಸುಳಿವು ದುಬಾರಿ ಸ್ಕ್ಯಾನಿನ ಸುಳಿವಿಗಿಂತ ಕಡಿಮೆಯದಲ್ಲ.

ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲಿಲ್ಲವೆಂಬ ದೂರು ಈಗಲೂ ಇದೆ. 1990ರ ಅಧ್ಯಯನವೊಂದರ ನಂತರ ಅದು ಎಲ್ಲೆಡೆ ಬಳಕೆಗೆ ಬಂದಿತಾದರೂ, ಸೋಂಕು ಮತ್ತು ರಕ್ತಸ್ರಾವದ ಅಪಾಯವನ್ನು ತೂಗಿ ನೋಡಿ 2013ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಗಳು ಬೇಡವೆಂದವು. ಕೊಡದಿದ್ದುದರಿಂದಲೇ ಕಾಲು ಹೋಯಿತೆನ್ನಲಾಗದು.

ತಡವಾಗಿ ಮಾಡಿದ ಆಪರೇಷನ್ ವ್ಯರ್ಥವಲ್ಲ. ಮೂಳೆ ಗಟ್ಟಿಯಾಗಿ ನಿಂತರೆ ನೋವು ಇಳಿಯುತ್ತದೆ, ರೋಗಿ ಬೇಗ ಎದ್ದು ಕೂರುತ್ತಾನೆ, ಫಿಸಿಯೊಥೆರಪಿ ಶುರುವಾಗುತ್ತದೆ. ಕಾಲು ಬಾರದವರ ಜೀವಕ್ಕೆ ಮುಂದೆ ಅಪಾಯ ತರುವುದು ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಆರಂಭಿಸಿದ ಕೇಂದ್ರದಲ್ಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮೂತ್ರಕೋಶವನ್ನು ಜೋಪಾನ ಮಾಡಿದ್ದರಿಂದಲೇ ಅನೇಕರು ಬದುಕಿ ಉಳಿದರು. ಸ್ಟೆಮ್ ಸೆಲ್ ಹಾಕಿ ಕಾಲು ತರಿಸುತ್ತೇವೆ ಎನ್ನುವವರು ಮನೆಯವರ ಕೈಗೆ ಫೋನ್ ನಂಬರ್ ಕೊಟ್ಟು ಹೋಗುವುದುಂಟು. ಭಾರತದ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿಗೆ ಅದನ್ನು ಅನುಮೋದಿತ ಸಂಶೋಧನೆಯ ಹೊರಗೆ, ಅದರಲ್ಲೂ ಹಣ ಪಡೆದು, ಕೊಡುವಂತಿಲ್ಲ. ಅಡಿಕೆ ಮಾರಿ ಕೂಡಿಸಿದ ಹಣವಿದ್ದರೆ ಗಾಳಿಹಾಸಿಗೆ, ಒಳ್ಳೆಯ ಗಾಲಿಕುರ್ಚಿ ಮತ್ತು ಮನೆಗೆ ಬರುವ ಫಿಸಿಯೊಥೆರಪಿಸ್ಟರಿಗೆ ಖರ್ಚು ಮಾಡಿ ಎಂದು ನಾನು ಹೇಳುತ್ತೇನೆ.