ಹನ್ನೊಂದು ಕುರ್ಚಿ

ಮೂವತ್ತೆರಡು ವರ್ಷ ನಾನು ಸಹಕಾರ ಸಂಘಗಳ ಲೆಕ್ಕ ನೋಡಿದವನು. ಮಂಡ್ಯ ಜಿಲ್ಲೆಯ ಹಾಲಿನ ಡೈರಿಗಳು, ವ್ಯವಸಾಯದ ಸೊಸೈಟಿಗಳು. ಹೋಗಿ ಕೂತು, ಅವರು ಕೊಟ್ಟ ಕಾಫಿ ಕುಡಿದು, ಆಮೇಲೆ ಅವರದೇ ತಪ್ಪು ಹುಡುಕುವ ಕೆಲಸ. ರಿಟೈರ್ ಆದ ಮೇಲೆ ನಮ್ಮ ಸಭೆಯವರು ಸುಮ್ನೆ ಬಿಡಲಿಲ್ಲ. ಸೆಕ್ರೆಟರಿ ಮಾಡಿದರು.

ಸಭೆ ಅಂದರೆ ಮೀಟಿಂಗ್ ಅಲ್ಲ. ಚರ್ಚಿಗೆ ಬರುವ ಜನಕ್ಕೇ ನಮ್ಮಲ್ಲಿ ಸಭೆ ಅನ್ನುತ್ತಾರೆ. ಅದನ್ನು ನಡೆಸುವ ಪಾಸ್ಟರಿಗೆ ಸಭಾಪಾಲಕರು ಅನ್ನುತ್ತಾರೆ. ನಮ್ಮದು ಮಂಡ್ಯದ ಒಂದು ಸಣ್ಣ ಸಭೆ. ಸಕ್ಕರೆ ಕಾರ್ಖಾನೆ ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದ ಮನೆಗಳೇ ಜಾಸ್ತಿ. ಒಂದು ಕಾಲದಲ್ಲಿ ಬೆಂಚು ಸಾಲದೆ ಹೊರಗೆ ಜಮಖಾನ ಹಾಸುತ್ತಿದ್ದೆವು. ಈಗ ಹಿಂದಿನ ನಾಲ್ಕು ಸಾಲು ಖಾಲಿ. ಮಕ್ಕಳು ಬೆಂಗಳೂರಿಗೆ ಹೋದರು. ಇನ್ನು ಕೆಲವರು ಡ್ರಮ್ಮು, ಗಿಟಾರು ಇರುವ ಹೊಸ ಪ್ರಾರ್ಥನಾ ಮನೆಗಳಿಗೆ ಹೋದರು.

ಹೋದ ನವೆಂಬರಿನ ಎರಡನೇ ಶನಿವಾರ ಕಮಿಟಿ ಜೊತೆ ಇಡೀ ಸಭೆಯನ್ನು ಕರೆದಿದ್ದರು. ಸಭೆ ಯಾಕೆ ಕುಗ್ಗುತ್ತಿದೆ ಅಂತ ಮಾತಾಡಬೇಕಿತ್ತು. ನಾನು ಒಂದು ವಾರ ಕೂತು ಪಟ್ಟಿ ಮಾಡಿದ್ದೆ. ಒಟ್ಟು 27 ಆಕ್ಷೇಪಣೆ. ಕ್ರಮ ಸಂಖ್ಯೆ 4: ಹಾಜರಿ ಇಳಿದಿದೆ. 9: ಕೀಬೋರ್ಡಿನ ಸೌಂಡ್ ಜಾಸ್ತಿ. 14: ಹಾಲಿನ ಸೂರು ಸೋರುತ್ತದೆ. 19: ಸಭೆಗೆ ಸೇರಿದ 11 ಪ್ಲಾಸ್ಟಿಕ್ ಕುರ್ಚಿ ಕಾಣೆ. ಒಂದೊಂದರ ಮುಂದೆಯೂ ಉತ್ತರ ಬರೆಯಲು ಖಾಲಿ ಜಾಗ ಬಿಟ್ಟಿದ್ದೆ. ಹಳೇ ಚಾಳಿ.

ಆ ವರ್ಷವಷ್ಟೇ ವರ್ಗವಾಗಿ ಬಂದಿದ್ದ ಸಭಾಪಾಲಕರು ಸಣ್ಣ ವಯಸ್ಸಿನವರು. ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಓದಿದವರು. ಪಟ್ಟಿ ಪೂರ್ತಿ ಓದಿದರು. ಮಡಚಿ ತಮ್ಮ ಬೈಬಲಿನೊಳಗೆ ಇಟ್ಟುಕೊಂಡರು.

"ಇದು ನನ್ನ ಹತ್ರ ಇರಲಿ ಅಂಕಲ್. ಇವತ್ತು ಬೇರೆ ಒಂದು ಕೇಳ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಆಕ್ಷೇಪಣೆ ಪಟ್ಟಿಯನ್ನು ಮಡಚಿ ಇಟ್ಟವರನ್ನು ನಾನು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಅವರು ಬೈಬಲಿನ ಎರಡನೇ ಅರಸುಗಳು ಅನ್ನುವ ಪುಸ್ತಕದ ನಾಲ್ಕನೇ ಅಧ್ಯಾಯ ಓದಿದರು. ಒಬ್ಬ ವಿಧವೆ. ಗಂಡ ಸಾಲ ಬಿಟ್ಟು ಸತ್ತಿದ್ದಾನೆ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದುಕೊಂಡು ಹೋಗಲು ಬಂದಿದ್ದಾನೆ. ಅವಳು ಪ್ರವಾದಿ ಎಲೀಷನ ಹತ್ತಿರ ಅಳುತ್ತಾ ಬರುತ್ತಾಳೆ. "ಎಲೀಷ ಸಾಲದ ಪತ್ರ ಎಲ್ಲಿ ಅನ್ನಲಿಲ್ಲ. ಬಡ್ಡಿ ಎಷ್ಟು ಅನ್ನಲಿಲ್ಲ. ನಿನ್ನ ಮನೇಲಿ ಏನಿದೆ ಹೇಳು ಅಂದ. ಅವಳು ಏನು ಅಂದಳು? ಏನೂ ಇಲ್ಲ. ಸ್ವಲ್ಪ ಎಣ್ಣೆ ಬಿಟ್ಟು." ನೂರು ಸಲ ಕೇಳಿದ ಕತೆ. ಆ ಸ್ವಲ್ಪ ಎಣ್ಣೆಯೇ ಪಾತ್ರೆ ಪಾತ್ರೆ ತುಂಬುವಷ್ಟು ಹೆಚ್ಚಾಗಿ, ಅದನ್ನು ಮಾರಿ ಸಾಲ ತೀರಿಸಿದ್ದು ಗೊತ್ತಿತ್ತು. ಆ ಪ್ರಶ್ನೆ ಮಾತ್ರ ಕಿವಿಗೆ ಬಿದ್ದೇ ಇರಲಿಲ್ಲ.

ಆಮೇಲೆ ಅಮೆರಿಕದ ಕತೆ ಒಂದು ಹೇಳಿದರು. 1980ರಲ್ಲಿ ಡೇವಿಡ್ ಕೂಪರ್‌ರೈಡರ್ ಅನ್ನುವ ವಿದ್ಯಾರ್ಥಿ ಕ್ಲೀವ್‌ಲ್ಯಾಂಡ್‌ನ ಒಂದು ದೊಡ್ಡ ಆಸ್ಪತ್ರೆಗೆ ಹೋದನಂತೆ. ಅಲ್ಲಿ ಏನು ಸರಿಯಿಲ್ಲ ಅಂತ ಹುಡುಕುವುದು ಕೆಲಸ. ಥೇಟ್ ನನ್ನ ಹಾಗೆ. ಆದರೆ ಅಲ್ಲಿನ ಡಾಕ್ಟರುಗಳು ಒಬ್ಬರಿಗೊಬ್ಬರು ಹೆಗಲು ಕೊಡುವುದನ್ನು ಕಂಡು ಅವನಿಗೆ ತಪ್ಪಿಗಿಂತ ಅದೇ ದೊಡ್ಡದಾಗಿ ಕಂಡಿತು. ಅವನ ಗೈಡ್ ಸುರೇಶ್ ಶ್ರೀವಾಸ್ತವ. ಆ ಹೆಸರು ಕೇಳಿ ನನ್ನ ಕಿವಿ ಸ್ವಲ್ಪ ನೆಟ್ಟಗಾಯಿತು. ಅದನ್ನೇ ಹಿಡಿದು ಹೋಗು ಅಂದರಂತೆ. 1987ರಲ್ಲಿ ಇಬ್ಬರೂ ಸೇರಿ ಬರೆದದ್ದಕ್ಕೆ ಅಪ್ರಿಷಿಯೇಟಿವ್ ಇನ್‌ಕ್ವೈರಿ ಅಂತ ಹೆಸರು. ಇರುವ ಬಲವನ್ನು ಕೇಳಿ ತಿಳಿದು, ಅದರ ಮೇಲೆ ಕಟ್ಟುವುದು. ಕಂಪನಿಗಳಲ್ಲೂ ನಡೆಯಿತು, ಚರ್ಚುಗಳಲ್ಲೂ ನಡೆಯಿತು.

ಕತೆ ಮುಗಿಯಿತು. ಜೋಡಿ ಜೋಡಿಯಾಗಿ ಕೂರಿ ಅಂದರು. ದಿನಾ ಮಾತಾಡದವರ ಜೊತೆಯೇ ಕೂರಬೇಕು. ಪ್ರಶ್ನೆ ಎರಡೇ. ಈ ಸಭೆಯಲ್ಲಿ ನಿಮ್ಮ ಮನಸ್ಸು ತುಂಬಿದ ಒಂದು ದಿನ ಯಾವುದು? ನಿಮ್ಮ ಕೈಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ?

ನನ್ನ ಜೋಡಿಗೆ ಬಂದದ್ದು ಯಾರು ಅಂತೀರಿ? ಶಾಮಿಯಾನದವನು. ಮದುವೆ ಮುಂಜಿಗೆ ಪೆಂಡಾಲು, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವವನು. ಕ್ರಮ ಸಂಖ್ಯೆ 19ರ ಆಸಾಮಿ ಅವನೇ ಅಂತ ನನ್ನ ಅನುಮಾನ. ಎರಡು ವರ್ಷದಿಂದ ನಾವು ಮುಖ ಕೊಟ್ಟು ಮಾತಾಡಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಫ್ಯಾನು ನೋಡಿದೆವು.

ಕೊನೆಗೆ ಅವನೇ ಶುರು ಮಾಡಿದ. "ನಮ್ಮಪ್ಪ ತೀರ್ಕಂಡ ದಿನ ಸಾರ್. ಮಳೆ ಹುಯ್ತಿತ್ತು. ಗುಂಡಿ ತೋಡೋರು ಯಾರೂ ಸಿಗ್ನಿಲ್ಲ. ನೀವು ಸ್ಕೂಟ್ರಲ್ಲಿ ರಾತ್ರಿಯೆಲ್ಲ ಸುತ್ತಿ ಇಬ್ಬರನ್ನ ಕರ್ಕಂಡು ಬಂದ್ರಿ. ಅವತ್ತು ಅನ್ನಿಸ್ತು, ಇದು ನಮ್ ಸಭೆ ಅಂತ."

ನನಗೆ ಅದು ನೆನಪೇ ಇರಲಿಲ್ಲ. ನಿಜವಾಗಿ ಇರಲಿಲ್ಲ. ಸ್ಕೂಟರಿನ ಕಾರ್ಬುರೇಟರಿಗೆ ನೀರು ಹೋಗಿ ಮಾರನೇ ದಿನ ರಿಪೇರಿಗೆ ಕೊಟ್ಟದ್ದು ಮಾತ್ರ ನೆನಪಿತ್ತು. ಖರ್ಚಿನ ಕಡೆ ಬರೆದಿಟ್ಟುಕೊಂಡಿದ್ದೆ. ಜಮಾ ಕಡೆ ಏನೂ ಬರೆದಿರಲಿಲ್ಲ.

ಎರಡನೇ ಪ್ರಶ್ನೆಯ ಚೀಟಿಗಳನ್ನು ಗೋಡೆಗೆ ಅಂಟಿಸಿದರು. ವೈರಿಂಗ್. ಬ್ಲೌಸ್ ಹೊಲಿಗೆ. ಪಂಪ್‌ಸೆಟ್ ಮೋಟಾರ್ ಕಟ್ಟುವುದು. ಪಿಂಚಣಿ ಅರ್ಜಿ ತುಂಬಿಸುವುದು. ಬಾಣಂತಿಗೆ ಎಣ್ಣೆ ನೀರು ಹಾಕುವುದು. ಒಬ್ಬ ಅಜ್ಜಿ ಮಾತ್ರ "ನಂಗೇನೂ ಬರಾಕಿಲ್ಲ ಕಣಪ್ಪ" ಅಂತ ಚೀಟಿ ವಾಪಸ್ ಕೊಟ್ಟರು. ಪಕ್ಕದಲ್ಲಿದ್ದ ಕೀಬೋರ್ಡ್ ಹುಡುಗ, ನನ್ನ ಕ್ರಮ ಸಂಖ್ಯೆ 9, ಬಿಡಲಿಲ್ಲ. ಕೇಳಿ ಕೇಳಿ ಹೊರಗೆ ತೆಗೆದ. ಹಳೇ ಕೀರ್ತನೆಗಳು. ಪುಸ್ತಕ ನೋಡದೆ, ಚರಣ ಬಿಡದೆ, ಅವರಿಗೆ ಎಲ್ಲಾ ಬಾಯಿಪಾಠ. ಒಂದನ್ನು ಅಲ್ಲೇ ಎತ್ತಿಕೊಂಡರು. ದನಿ ನಡುಗುತ್ತಿತ್ತು, ರಾಗ ಒಂದಿಷ್ಟೂ ಅಲ್ಲಾಡಲಿಲ್ಲ. ಹುಡುಗ ಶ್ರುತಿ ಹುಡುಕಿ ಮೆಲ್ಲಗೆ ಹಿಂದೆ ಹಿಂದೆ ಹೋದ. ಅಷ್ಟು ಮೆಲ್ಲಗೆ ನುಡಿಸಲು ಅವನಿಗೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ವಿಧಾನ ಎಲ್ಲ ಕಡೆಗೂ ಆಗುವುದಿಲ್ಲ. ದುಡ್ಡು ತಿಂದವನಿಗೆ ಇದಕ್ಕಿಂತ ಇಷ್ಟವಾದ ಮೀಟಿಂಗ್ ಇನ್ನೊಂದಿಲ್ಲ. "ಒಳ್ಳೇದನ್ನೇ ಮಾತಾಡೋಣ" ಅಂತ ಮೊದಲು ಅನ್ನುವವನೇ ಅವನು. ಲೆಕ್ಕ ಕೊಡದ ಕಡೆ ಲೆಕ್ಕವನ್ನೇ ಕೇಳಬೇಕು. ಸೋರುವ ಸೂರನ್ನು ಹೊಗಳಿದರೆ ಸೋರುವುದು ನಿಲ್ಲುತ್ತದೆಯೇ? ಮೀಟಿಂಗ್ ಮುಗಿದ ಮೇಲೆ ಇದನ್ನು ಸಭಾಪಾಲಕರಿಗೆ ನೇರವಾಗಿಯೇ ಹೇಳಿದೆ. ಅವರು ಬೈಬಲಿನಿಂದ ನನ್ನ ಪಟ್ಟಿ ತೆಗೆದು 14ನೇ ನಂಬರಿಗೆ ಗುರುತು ಹಾಕಿದರು. ಗೋಡೆಯ ಚೀಟಿಗಳಲ್ಲಿ ಹೆಂಚಿನ ಕೆಲಸದವರು ಇಬ್ಬರಿದ್ದರು. ಕ್ರಿಸ್‌ಮಸ್ಸಿಗೆ ಮುಂಚೆ ಸೂರು ಸರಿಯಾಯಿತು.

ಫೆಬ್ರವರಿಯಲ್ಲಿ ಸುಗ್ಗಿ ಹಬ್ಬ. ಬಾಗಿಲಿಗೆ ಕಬ್ಬಿನ ಜಲ್ಲೆ ಕಟ್ಟುತ್ತೇವೆ. ಭತ್ತ, ತೆಂಗಿನಕಾಯಿ, ಕುಂಬಳಕಾಯಿ, ಬೆಲ್ಲ, ಕೋಳಿ ಎಲ್ಲ ತಂದು ಕಾಣಿಕೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಪ್ರತಿ ವರ್ಷ ಇಬ್ಬರು ಮೂವರು ಉಳ್ಳವರು ಕೂಗುತ್ತಾರೆ, ಉಳಿದವರು ಬಿರಿಯಾನಿಗೆ ಕಾಯುತ್ತಾರೆ. ಈ ಸಲ ಯುವಜನರು ಆ ಚೀಟಿಗಳನ್ನೂ ಹರಾಜಿಗೆ ಇಟ್ಟರು. ಒಂದು ದಿನದ ವೈರಿಂಗ್ ಕೆಲಸ 2,600ಕ್ಕೆ ಹೋಯಿತು. ಮೂರು ಬ್ಲೌಸ್ ಹೊಲಿಗೆಗೆ ಹೆಂಗಸರ ನಡುವೆ ಜಗಳವೇ ಆಯಿತು. ಅಜ್ಜಿ ಮನೆಗೆ ಬಂದು ಒಂದು ಸಂಜೆ ಕೀರ್ತನೆ ಹೇಳುವುದನ್ನು ಬೆಂಗಳೂರಿನಿಂದ ಬಂದಿದ್ದ ಒಂದು ಮನೆಯವರು ಕೂಗಿ ಹಿಡಿದರು.

ನನ್ನ ಚೀಟಿ ಕೊನೆಗೆ ಬಂತು. 'ಒಂದು ವರ್ಷದ ಲೆಕ್ಕ ಬರೆದುಕೊಡಲಾಗುವುದು.' ಯಾರೂ ಉಸಿರೆತ್ತಲಿಲ್ಲ. ಅದಕ್ಕೆ ಮುಂಚೆ ಒಂದು ಸೋರೆಕಾಯಿ 400ಕ್ಕೆ ಹೋಗಿತ್ತು. ನನ್ನದು 100ರಲ್ಲೇ ನಿಂತಿತು. ಒಂದು ಸಾರಿ, ಎರಡು ಸಾರಿ ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. "ಐನೂರು ಬುಡಿ." ಶಾಮಿಯಾನದವನು.

ಸೋಮವಾರ ಅವನ ಗೋಡೌನಿಗೆ ಹೋದೆ. ಒಂದು ಸಿಮೆಂಟ್ ಚೀಲದ ತುಂಬ ಬಿಲ್ಲು ತಂದು ಮುಂದೆ ಸುರಿದ. ಟೀ ತರಿಸಿದ. ಕೂರಲು ಮೂಲೆಯಿಂದ ಕುರ್ಚಿ ಎಳೆದುಕೊಳ್ಳೋಣ ಅಂತ ತಿರುಗಿದೆ. ಪೇರಿಸಿಟ್ಟ ಕೆಂಪು ಕುರ್ಚಿಗಳ ಹಿಂಭಾಗದಲ್ಲಿ ಬಿಳಿ ಬಣ್ಣದಲ್ಲಿ ನಮ್ಮ ಸಭೆಯ ಹೆಸರು. ನನ್ನ ಕೈಯಾರೆ ಬರೆದ ಅಕ್ಷರ. ಎಣಿಸಿದೆ. ಒಂಬತ್ತು.

"ಇನ್ನೆರಡು?" ಅಂದೆ.

"ಅದನ್ನ ನೀವೇ ಹುಡುಕ್ಬೇಕು ಸಾರ್," ಅಂದ. "ಲೆಕ್ಕ ಈಗ ನಿಮ್ದೇ ಅಲ್ವಾ?"